ಬ್ಯಾಡ ಅಂದ ಭಕ್ಷೀಸು

ಸಾಸ್ವೆಹಳ್ಳಿಯ ಹತ್ತಿರ ತುಂಗಭದ್ರೆಗೆ ಗಾಳ ಹಾಕಲು ಬರುವ ಪೇಟೆಯವರನ್ನು ತೆಪ್ಪದಲ್ಲಿ ಕೂರಿಸಿಕೊಂಡು ಮೀನಿರುವ ಮಡುವಿಗೆ ಒಯ್ಯುವುದು ಸಣ್ಣಪ್ಪನ ಕೆಲಸ. ಬಾಡಿಗೆಯೆಲ್ಲ ತೆಪ್ಪದ ಯಜಮಾನನಿಗೆ. ಸಣ್ಣಪ್ಪನಿಗೆ ಸಿಗುವ ಕೂಲಿ ಅಕ್ಕಿ ಬೇಳೆಗೆ ಸರಿಹೋಗುತ್ತದೆ. ಉಳಿದ ಬದುಕೆಲ್ಲ ನಡೆಯುತ್ತಿದ್ದದ್ದು ಬಂದವರು ಹೋಗುವಾಗ ಖುಷಿಯಿಂದ ಕೊಡುವ ಭಕ್ಷೀಸಿನಿಂದ.

ಅದನ್ನು ಇಸಿದುಕೊಳ್ಳುವುದಕ್ಕೂ ಒಂದು ರೀತಿ ಇತ್ತು. ಬಂದವರು ನೋಟು ಚಾಚಿದ ಕೂಡಲೇ ಸಣ್ಣಪ್ಪ “ಅಯ್ಯೋ, ಬ್ಯಾಡ ಬಿಡ್ರಿ” ಎಂದು ಹಿಂದೆ ಸರಿಯಬೇಕು. ನೆಂಟರು ಮಗುವಿನ ಕೈಗೆ ದುಡ್ಡಿಟ್ಟಾಗ ತಾಯಿ ಬೇಡ ಅನ್ನುವುದಿಲ್ಲವೇ, ಹಾಗೆ. ಅವರು ಇನ್ನೊಮ್ಮೆ ಒತ್ತಾಯ ಮಾಡಬೇಕು. ಆಗ ದಂಡೆಯ ಮೇಲೆ ಮೀನಿನ ಸಾರು ಮಾಡಿ ಬಡಿಸಿದ ಹೆಂಡತಿ ಗಾದ್ರಮ್ಮ ಮುಂದೆ ಬಂದು, ಉಂಡವರು ಮನಸಾರೆ ಕೊಟ್ಟದ್ದನ್ನು ಒಲ್ಲೆ ಅನ್ನಬಾರದು ಎಂದು ಗಂಡನನ್ನು ಗದರಿ, ತಾನೇ ಇಸಿದುಕೊಳ್ಳಬೇಕು. ಜಗಳೂರು ಸೀಮೆಯ ಹೆಣ್ಣು, ಗದರುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಂಡನ ಮರ್ಯಾದೆಯೂ ಉಳಿಯುತ್ತಿತ್ತು, ಮನೆಗೆ ದುಡ್ಡೂ ಬರುತ್ತಿತ್ತು.

ಹೋದ ಚಳಿಗಾಲದಲ್ಲಿ ಗಾದ್ರಮ್ಮನಿಗೆ ಲಕ್ವ ಹೊಡೆಯಿತು. ಬಲಭಾಗವೇ ಬಿದ್ದುಹೋಯಿತು. ವಾರವಾರವೂ ಕರೆತಂದು ವ್ಯಾಯಾಮ ಮಾಡಿಸಿದರೆ ಕೈಗೆ ಜೀವ ಬರುತ್ತದೆ, ಆದರೆ ತಡಮಾಡಿದರೆ ಬೆರಳು ಸೆಟೆದುಕೊಂಡು ಹಾಗೇ ಉಳಿಯುತ್ತವೆ ಎಂದರು ಹೊನ್ನಾಳಿಯ ಡಾಕ್ಟರು. ಬಸ್ಸು ಹತ್ತಲಾರದವಳಿಗೆ ಆಟೋವೇ ಆಗಬೇಕು. ಆಟೋಗೂ ಫೀಸಿಗೂ ಇದ್ದದ್ದು ಭಕ್ಷೀಸೊಂದೇ ದಾರಿ. ಈಗ ಬೇಡ ಅನ್ನುವವನು ಉಳಿದ, ಇಸಿದುಕೊಳ್ಳುವವಳು ಮಲಗಿದಳು.

ಪಕ್ಕದ ತೆಪ್ಪದ ರಂಗಣ್ಣ ಬುದ್ಧಿ ಹೇಳಿದ. ಈಗಿನವರಿಗೆ ನಿನ್ನ ಉಪಚಾರ ತಿಳಿಯೋದಿಲ್ಲ, ಬಾಯಿ ಮುಚ್ಚಿಕೊಂಡು ಇಸ್ಕೊ ಎಂದ. ಸಣ್ಣಪ್ಪ ಆಗಲಿ ಎಂದ. ಹುಟ್ಟು ಹಾಕುತ್ತ ಹಾಕುತ್ತ ಸುಮ್ಮನಿರುವುದನ್ನೇ ಮನಸ್ಸಿನೊಳಗೆ ಅಭ್ಯಾಸ ಮಾಡಿಕೊಂಡ.

ದಾವಣಗೆರೆಯಿಂದ ವಿನಯ್ ಕುಮಾರ್ ಎಂಬ ಹುಡುಗ ಬಂದ. ಸಣ್ಣಪ್ಪ ತೋರಿಸಿದ ಜಾಗದಲ್ಲೇ ಅವನ ಗಾಳಕ್ಕೆ ತೋಳುದ್ದದ ಬಾಳೆ ಮೀನು ಬಿತ್ತು. ಹುಡುಗ ಕುಣಿದಾಡಿಬಿಟ್ಟ. ದಂಡೆಗೆ ಬಂದವನೇ ಜೇಬಿನಿಂದ ದೊಡ್ಡ ನೋಟನ್ನೇ ತೆಗೆದ. ಸಣ್ಣಪ್ಪನ ಬಾಯಿ ಸಣ್ಣಪ್ಪನ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ವರ್ಷಾನುಗಟ್ಟಲೆಯ ರೂಢಿ, “ಅಯ್ಯೋ, ಬ್ಯಾಡ ಬಿಡ್ರಿ” ಎಂದುಬಿಟ್ಟ. ಅಂದವನು ಎರಡನೆಯ ಮಾತಿಗಾಗಿ ಕಾಯುತ್ತ ನಿಂತ.

ವಿನಯ್ ಕುಮಾರ್ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ಕಣ್ಣು ತುಂಬಿಕೊಂಡು, ನೋಟನ್ನು ಜೇಬಿಗೆ ಸೇರಿಸಿ, ಕೈ ಮುಗಿದ. ನಿಮ್ಮಂಥವರು ಈಗ ಎಲ್ಲಿ ಸಿಗುತ್ತಾರೆ ಎಂದು ಅಲ್ಲೇ ಒಂದು ವಿಡಿಯೋ ಮಾಡಿದ. ಭಕ್ಷೀಸು ಮುಟ್ಟದ ತೆಪ್ಪದ ಸಣ್ಣಪ್ಪ ಎಂದು ಅದು ಮೊಬೈಲಿಂದ ಮೊಬೈಲಿಗೆ ಓಡಾಡಿತು.

ಆಮೇಲೆ ಜನವೋ ಜನ. ಚನ್ನಗಿರಿಯಿಂದ, ನ್ಯಾಮತಿಯಿಂದ, ಎಲ್ಲೆಲ್ಲಿಂದಲೋ ಬಂದರು. ಯಜಮಾನ ಬಾಡಿಗೆ ಏರಿಸಿದ. ಬಂದವರೆಲ್ಲ ಸಣ್ಣಪ್ಪನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಒಬ್ಬ ಪರ್ಸು ತೆಗೆಯಲು ಹೋದರೆ, ಹಿರಿಯರಿಗೆ ಅವಮಾನ ಮಾಡಬೇಡ ಎಂದು ಜೊತೆಯವನು ಅವನ ಕೈ ಹಿಡಿದ. ಹೊನ್ನಾಳಿಗೆ ಹೋಗುವ ಆಟೋ ಒಂದು ವಾರ ತಪ್ಪಿತು, ಮುಂದಿನ ವಾರವೂ ತಪ್ಪಿತು, ಆಮೇಲೆ ಬರುವುದೇ ನಿಂತಿತು.

ಬೇಸಿಗೆಯಲ್ಲಿ ವಿನಯ್ ಕುಮಾರ್ ಗೆಳೆಯರನ್ನು ಕಟ್ಟಿಕೊಂಡು ಮತ್ತೆ ಬಂದ. ದಂಡೆಯ ಮೇಲೆಯೇ ಸಣ್ಣಪ್ಪನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದು ಫೋನು ಹಿಡಿದರು. ಸಣ್ಣಪ್ಪ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿದ.

“ನಾನೂ ಇಸ್ಕಂತೀನ್ರಿ. ಕೊಟ್ರೆ ಇಸ್ಕಂತೀನಿ.”

ಎಲ್ಲರೂ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಇಷ್ಟು ದೊಡ್ಡ ಮನುಷ್ಯನಿಗೆ ತಮಾಷೆಯೂ ಬರುತ್ತದಲ್ಲ ಎಂದು ವಿನಯ್ ಕುಮಾರ್ ಅವನನ್ನು ತಬ್ಬಿಕೊಂಡ. ಇನ್ನೊಂದು ಸಲ ಹೇಳೋ ಮಾರಾಯ ಅನ್ನಬೇಕು ಅನಿಸುತ್ತದೆ ನಮಗೆ. ಸಣ್ಣಪ್ಪನಿಗೆ ಆಗಲಿಲ್ಲ. ಅವರ ಜೊತೆ ತಾನೂ ನಕ್ಕ.

ಮನೆಯಲ್ಲಿ ಗಾದ್ರಮ್ಮನ ಬಲಗೈ ಬೆರಳು ಅಂಗೈಯೊಳಕ್ಕೆ ಮಡಚಿ ಗಟ್ಟಿಯಾಗಿದ್ದವು. ಸಣ್ಣಪ್ಪ ಬುಟ್ಟಿಯ ಕಿತ್ತಳೆ ಸುಲಿದು ಒಂದೊಂದೇ ತೊಳೆ ಅವಳ ಬಾಯಿಗಿಟ್ಟ. ಅವಳು ತೊದಲುತ್ತ ಕೇಳಿದಳು.

“ಇವತ್ತಾದ್ರೂ ತಗಳ್ರಿ ಅಂತ ಇನ್ನೊಂದ್ ಸಲ ಅನ್ಲಿಲ್ಲೇನು ಅವ್ರು?”

“ಇಲ್ಲ.”

“ನಾನಿರಬೇಕಿತ್ತು ಅಲ್ಲಿ,” ಎಂದು ಗಾದ್ರಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.