ಆರೈಕೆ ಕೇಂದ್ರದಲ್ಲಿ ಮಾಡಿದ ಕ್ಷೌರ

ಲಕ್ಷ್ಮೇಶ್ವರದ ಬಜಾರಿನಲ್ಲಿ ನನ್ನದೊಂದು ಕಟಿಂಗ್ ಅಂಗಡಿ ಇದೆ. ಎರಡು ಕುರ್ಚಿ, ಉದ್ದನೆಯ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಕೊರೋನಾ ಎರಡನೇ ಸಲ ಬಂದು ಲಾಕ್‌ಡೌನ್ ಆದಾಗ ಶಟರ್ ಎಳೆದು ಮನೆಗೆ ಬಂದೆ. ಮೊದಲ ವರ್ಷವೂ ಎಳೆದಿದ್ದೆ. ಆಗ ಈ ರೋಗ ಎಲ್ಲೋ ಬೇರೆ ಊರಿನದು, ಟಿವಿಯಲ್ಲಿ ಕಾಣುವಂಥದು ಎನ್ನಿಸಿತ್ತು. ಈ ಸಲ ಅದು ನಮ್ಮ ಓಣಿಗೇ ಬಂದಿತ್ತು. ಬೆಳಿಗ್ಗೆ ಹಾಲಿಗೆ ಹೋದರೆ ಯಾರ ಮನೆಯಿಂದ ಯಾರನ್ನು ಗದಗಿಗೆ ಒಯ್ದರು ಎಂಬುದೇ ಮಾತು.

ನಮ್ಮದು ಮುಟ್ಟದೆ ಆಗುವ ಕೆಲಸವಲ್ಲ. ಗಿರಾಕಿಯ ಗಲ್ಲ ಹಿಡಿಯಬೇಕು, ಮೂಗಿನ ಕೆಳಗೆ ಬ್ಲೇಡು ಆಡಿಸಬೇಕು, ಅವನ ಉಸಿರು ನಮ್ಮ ಕೈಮೇಲೆಯೇ ಬೀಳುತ್ತದೆ. ಹೀಗಾಗಿ ಕಿರಾಣಿ ಅಂಗಡಿಯವರಿಗೆ ಬೆಳಗಿನ ಹೊತ್ತು ಬಾಗಿಲು ತೆರೆಯಲು ಬಿಟ್ಟರೂ ನಮಗೆ ಬಿಡಲಿಲ್ಲ. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಆದರೆ ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಗಳು ಇದ್ದರು. ರೇಷನ್ ಅಕ್ಕಿ ಬರುತ್ತಿತ್ತು. ಎಣ್ಣೆ, ಬೇಳೆ, ಗ್ಯಾಸಿಗೆ ಏನು ಮಾಡುವುದೆಂದು ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಳ್ಳುತ್ತಿದ್ದೆವು. ಕ್ಷೌರಿಕರು, ಮಡಿವಾಳರು, ಆಟೋ ಓಡಿಸುವವರಿಗೆಲ್ಲ ಸರ್ಕಾರ ಪರಿಹಾರ ಕೊಡುತ್ತದೆ ಎಂಬ ಸುದ್ದಿ ಅದೇ ಹೊತ್ತಿಗೆ ಬಂತು. ಅರ್ಜಿ ಹಾಕಬೇಕು, ಕಸುಬಿನ ಪ್ರಮಾಣಪತ್ರ ಇರಬೇಕು ಎಂದರು. ನಾಳೆ ಪುರಸಭೆಗೆ ಹೋಗಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿದ ದಿನವೇ ನನಗೆ ಜ್ವರ ಬಂತು.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ದಿನಾಲೂ ಮನೆ ಮನೆ ತಿರುಗುತ್ತಿದ್ದಳು. ನನಗಿಂತ ಚಿಕ್ಕವಳು, ನನ್ನನ್ನು ಅಣ್ಣ ಎನ್ನುತ್ತಾಳೆ. ಕಟ್ಟೆಯ ಕೆಳಗೆ ನಿಂತು, “ಯಾರಿಗರ ಜ್ವರ, ಕೆಮ್ಮ ಐತೇನ್ರಿ?” ಎಂದು ಕೇಳಿದಳು. ಹೆಂಡತಿ ನನ್ನ ಮುಖ ನೋಡಿದಳು. ಇಲ್ಲ ಎನ್ನಲು ಬಾಯಿ ತೆರೆದೆ, ಕೆಮ್ಮೇ ಬಂತು.

“ಬೆರಳ ಕೊಡ್ರಿ ಇಲ್ಲೆ,” ಎಂದು ಮೇಲೆ ಬಂದವಳೇ ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಪುಟ್ಟ ಯಂತ್ರವನ್ನು ಬೆರಳಿಗೆ ಸಿಕ್ಕಿಸಿದಳು. “ಸ್ವಲ್ಪ ಕಮ್ಮಿ ತೋರಸಾಕತ್ತೈತಿ, ಅಣ್ಣ. ದವಾಖಾನಿಗೆ ಹೋಗಿ ಟೆಸ್ಟ್ ಮಾಡಸ್ರಿ.”

“ಮನ್ಯಾಗ ಇದ್ರ ಆಗೂದಿಲ್ಲೇನವಾ?”

“ಒಂದ ಖೋಲಿ ಮನಿ ನಿಮ್ಮದು. ವೈನಿ, ಮಗಳು ಎಲ್ಲಿಗೆ ಹೋಗಬೇಕು? ನೀವು ಹೋಗ್ರಿ. ಮನಿ ಕಡಿ ನಾ ನೋಡ್ಕೋತೀನಿ.”

ಟೆಸ್ಟಿನಲ್ಲಿ ರೋಗ ಇದೆ ಎಂದೇ ಬಂತು. ಹೆಂಡತಿ ಮಗಳಿಗೆ ಇರಲಿಲ್ಲ. ಅಂಬುಲೆನ್ಸ್ ಬಂದಾಗ ಓಣಿಯವರು ಕಿಟಕಿಯಿಂದ ನೋಡುತ್ತಿದ್ದರು, ಯಾರೂ ಹೊರಗೆ ಬರಲಿಲ್ಲ. ನಾನು ಒಂದು ಜೊತೆ ಬಟ್ಟೆ, ಚಾದರ, ಮೊಬೈಲು ತೆಗೆದುಕೊಂಡು ಹತ್ತಿದೆ.

ಶಿರಹಟ್ಟಿಯ ಹಾಸ್ಟೆಲೊಂದನ್ನು ಆರೈಕೆ ಕೇಂದ್ರ ಮಾಡಿದ್ದರು. ಹುಡುಗರು ಮಲಗುತ್ತಿದ್ದ ಕಬ್ಬಿಣದ ಮಂಚಗಳಲ್ಲಿ ಈಗ ನಾವಿದ್ದೆವು. ಬೆಳಿಗ್ಗೆ ಕಷಾಯ, ಉಪ್ಪಿಟ್ಟು. ಮಧ್ಯಾಹ್ನ ಅನ್ನ ಸಾರು, ಮೊಟ್ಟೆ. ಅಲ್ಲಿಯ ಡಾಕ್ಟರು ಮುಂಡರಗಿ ಕಡೆಯ ಹೆಣ್ಣುಮಗಳು. ಮುಖವೆಲ್ಲ ಮುಚ್ಚಿಕೊಂಡೇ ಬರುತ್ತಿದ್ದುದರಿಂದ ಅವರು ಹೇಗಿದ್ದಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ದನಿಯೊಂದೇ ನೆನಪಿದೆ. ನನ್ನ ಪಕ್ಕದ ಮಂಚದಲ್ಲಿ ಸೊರಟೂರಿನ ರೈತರೊಬ್ಬರಿದ್ದರು, ಅರವತ್ತು ದಾಟಿದವರು. ಅವರಿಗೆ ರೋಗದ ಚಿಂತೆಗಿಂತ ರೊಟ್ಟಿಯ ಚಿಂತೆ ದೊಡ್ಡದಾಗಿತ್ತು. “ಡಾಕ್ಟರ್ರ, ಔಷಧ ಎಷ್ಟರ ಕೊಡ್ರಿ, ತಗೋತೀನಿ. ಬರೇ ಅನ್ನಾ ಉಂಡ್ರ ನನಗ ಶಕ್ತಿ ಬರೂದಿಲ್ಲ,” ಎಂದು ದಿನಾ ಹೇಳುತ್ತಿದ್ದರು. ಕಡೆಗೆ ಡಾಕ್ಟರು ಹೇಳಿ ಮಧ್ಯಾಹ್ನಕ್ಕೆ ಜೋಳದ ರೊಟ್ಟಿ ತರಿಸಿದರು.

ಎದುರಿನ ಮಂಚದಲ್ಲಿದ್ದವರು ನಮ್ಮೂರಿನ ಬಟ್ಟೆ ಅಂಗಡಿಯ ಸಾವುಕಾರರು. ಮಗಳ ಶಾಲೆಯ ಬಟ್ಟೆಯನ್ನು ನಾನು ಅವರ ಅಂಗಡಿಯಲ್ಲೇ ತರುವುದು. ಅವರು ನನ್ನ ಅಂಗಡಿಗೆ ಬಂದವರಲ್ಲ, ಅವರ ಮನೆಗೆ ಬೇರೆಯವನೊಬ್ಬ ಹೋಗಿ ಕ್ಷೌರ ಮಾಡಿ ಬರುತ್ತಾನೆ. ಅವರ ತಾಯಿಗೂ ರೋಗ ತಗುಲಿತ್ತು. ವಯಸ್ಸಾದವರೆಂದು ಗದಗಿನ ದೊಡ್ಡ ದವಾಖಾನೆಗೆ ಒಯ್ದಿದ್ದರು. ಸಾವುಕಾರರ ತಮ್ಮ ಅಲ್ಲಿ ಹೊರಗೆ ಕಾಯುತ್ತ, ಹೊತ್ತು ಹೊತ್ತಿಗೆ ಅಣ್ಣನಿಗೆ ಫೋನು ಮಾಡುತ್ತಿದ್ದ.

ಈ ನಡುವೆ ನನ್ನ ಹೆಂಡತಿ ಪರಿಹಾರದ ಅರ್ಜಿಯ ಕೆಲಸ ಹಿಡಿದಿದ್ದಳು. ಅಂಗಡಿಯ ಲೈಸೆನ್ಸ್ ನವೀಕರಿಸಿರಲಿಲ್ಲ. ಪುರಸಭೆಯವರು ಸ್ಥಳ ನೋಡಿ ಬರೆದುಕೊಡುತ್ತೇವೆ ಎಂದರು. ಅವಳು ಶಟರ್ ಎತ್ತಿ ಕುರ್ಚಿ, ಕನ್ನಡಿ ತೋರಿಸಿದಳು, ಅವರು ಫೋಟೋ ತೆಗೆದುಕೊಂಡು ಹೋಗಿ ಪ್ರಮಾಣಪತ್ರ ಕೊಟ್ಟರು. ಆಮೇಲೆ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕುವಾಗ ಒಟಿಪಿ ಬಂದದ್ದು ನನ್ನ ಮೊಬೈಲಿಗೆ. ಅಂಗಡಿಯವನ ಫೋನಿನಿಂದ ಕರೆ ಮಾಡಿ ಕೇಳಿದಳು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೆ, ಅಂಕಿಗಳು ಕಾಣಲಿಲ್ಲ. ಸಾವುಕಾರರು ಎದ್ದು ಬಂದು ಮೊಬೈಲು ಇಸಿದುಕೊಂಡು ಒಂದೊಂದೇ ಅಂಕಿ ಓದಿದರು. ನಾನು ಜೋರಾಗಿ ಹೆಂಡತಿಗೆ ಹೇಳಿದೆ. ನಮ್ಮ ರೈತರು ಮಂಚದ ಮೇಲಿಂದಲೇ, “ಆತೇನು? ಹೋತೇನು ಅರ್ಜಿ?” ಎಂದು ಕೇಳುತ್ತಿದ್ದರು. ಹೋಯಿತು ಎಂದಾಗ ಆ ಕೋಣೆಯಲ್ಲಿದ್ದವರಿಗೆಲ್ಲ ತಮ್ಮದೇ ಕೆಲಸ ಆದಷ್ಟು ಸಮಾಧಾನವಾಯಿತು. ಸಾವುಕಾರರು ಮತ್ತು ನಾನು ಸರಿಯಾಗಿ ಮಾತಾಡಿದ್ದು ಅಂದೇ.

ಅದಾಗಿ ಒಂದೆರಡು ದಿನಕ್ಕೆ, ಬೆಳಗಿನ ಕಷಾಯ ಕುಡಿಯುವಾಗ, ಅವರ ಫೋನು ಬಂತು. ಅವರು ಕೇಳಿಸಿಕೊಂಡರು, “ಆತು” ಎಂದರು, ಫೋನು ದಿಂಬಿನ ಪಕ್ಕ ಇಟ್ಟರು. ಆಮೇಲೆ ಚಾದರವನ್ನು ಮಡಚತೊಡಗಿದರು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದರು.

“ಸಾವುಕಾರ್ರ, ಏನಂದ್ರು?” ಎಂದು ರೈತರು ಕೇಳಿದರು.

“ಅವ್ವ ಹೋದಳು.”

ರೈತರು ಎದ್ದು ಹೋಗಿ ಅವರ ಮಂಚದ ಮೇಲೆ ಕೂತು ಅವರ ಕೈ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಊರಿನಲ್ಲಿ ಆ ದಿನಗಳಲ್ಲಿ ಸತ್ತವರ ಮನೆಗೆ ಹೋಗಲೂ ಜನ ಅಂಜುತ್ತಿದ್ದರು. ನಮಗೆಲ್ಲ ಒಂದೇ ರೋಗವಿದ್ದುದರಿಂದ ನಾವು ಹತ್ತಿರ ಕೂಡಬಹುದಾಗಿತ್ತು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ಕಳಿಸಿಕೊಡಿ ಎಂದು ಅವರು ಡಾಕ್ಟರನ್ನು ಕೇಳಿದರು. ಅವರ ಉಸಿರು ಇನ್ನೂ ಸರಿಯಾಗಿರಲಿಲ್ಲ, ಎರಡು ಹೆಜ್ಜೆ ನಡೆದರೆ ನಿಲ್ಲುತ್ತಿದ್ದರು. ಡಾಕ್ಟರು ಆಗುವುದಿಲ್ಲ ಎಂದು ಹೇಳಿ, ಹಾಗೆ ಹೇಳಿದ್ದಕ್ಕೆ ಮತ್ತೆ ಮತ್ತೆ ಕ್ಷಮೆ ಕೇಳಿದರು. ಗದಗಿನಲ್ಲಿ ಸಿಬ್ಬಂದಿಯವರೇ ಸಂಸ್ಕಾರ ಮಾಡಿದರು. ತಮ್ಮ ದೂರ ನಿಂತು ಮೊಬೈಲಿನಲ್ಲಿ ತೋರಿಸಿದ. ಸಾವುಕಾರರಿಗೆ ಕಾಣುವಂತೆ ಫೋನನ್ನು ರೈತರು ಹಿಡಿದಿದ್ದರು. ಹೊಗೆ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಕಾಣಲಿಲ್ಲ.

ಮಧ್ಯಾಹ್ನ ಅವರು ನನ್ನ ಹತ್ತಿರ ಬಂದರು.

“ನಾ ಹಿರೇಮಗ. ಬೆಂಕಿ ಕೊಡೂದು ಆಗಲಿಲ್ಲ. ಕೂದಲಾದ್ರೂ ತಗಸಬೇಕು. ನೀ ಮಾಡ್ತೀಯೇನು?”

“ಮಾಡ್ತೀನ್ರಿ,” ಎಂದುಬಿಟ್ಟೆ. ನನ್ನ ಹತ್ತಿರ ಸಾಮಾನು ಇರಲಿಲ್ಲ, ಡಾಕ್ಟರ ಒಪ್ಪಿಗೆಯೂ ಇರಲಿಲ್ಲ.

ಡಾಕ್ಟರು ಮೊದಲು ಒಪ್ಪಲಿಲ್ಲ. “ಇಲ್ಲೆ ಬ್ಲೇಡ್ ತರೂ ಹಂಗಿಲ್ರಿ. ನಿಮಗೂ ಇನ್ನೂ ದಮ್ಮು ಹತ್ತತೈತಿ. ಕೈ ಜಾರಿ ಗಾಯ ಆತಂದ್ರ ಏನು ಮಾಡೂದು?”

“ಸಾವಕಾಶ ಮಾಡ್ತೀನ್ರಿ, ಮೇಡಂ. ಹೊಸ ಬ್ಲೇಡ್ ತರಸ್ರಿ. ನೀವು ಹೆಂಗ ಹೇಳ್ತೀರಿ ಹಂಗ.”

ಅವರು ಸಾವುಕಾರರ ಕಡೆ ನೋಡಿದರು. “ಹೊರಗ ಗಾಳಿಯಾಗ ಮಾಡ್ರಿ. ನಡುನಡುವ ಇಬ್ಬರದೂ ಬೆರಳ ನೋಡಬೇಕು. ಬ್ಲೇಡ್ ನಮ್ಮ ಡಬ್ಬಿಗೇ ಹಾಕ್ರಿ,” ಎಂದರು.

ಹೆಂಡತಿಗೆ ಫೋನು ಮಾಡಿದೆ. ಲಕ್ಷ್ಮೇಶ್ವರದಿಂದ ರೋಗಿಗಳನ್ನು ತರುವ ಅಂಬುಲೆನ್ಸಿನವರ ಕೈಯಲ್ಲಿ ಅವಳು ನನ್ನ ಕೆಲಸದ ಚೀಲ ಕಳಿಸಿದಳು. ನರ್ಸಮ್ಮ ರೇಜರು, ಕತ್ತರಿಯನ್ನು ಔಷಧದ ನೀರಿನಲ್ಲಿ ನೆನೆಸಿ ಕೊಟ್ಟರು.

ಹಾಸ್ಟೆಲಿನ ಹಿಂದೆ ನೀರಿನ ಟಾಕಿ, ಬಟ್ಟೆ ಒಗೆಯುವ ಕಲ್ಲು ಇದ್ದವು. ಮರುದಿನ ಬೆಳಿಗ್ಗೆ ಸಾವುಕಾರರು ಆ ಕಲ್ಲಿನ ಮೇಲೆ ಕೂತರು. ನಾನು ತಲೆಗೆ ನೀರು ಹಚ್ಚಿ ತೋಯಿಸಿದೆ. ಇಪ್ಪತ್ತೈದು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದವನು ನಾನು, ಆದರೂ ಮೊದಲ ಎಳೆ ತೆಗೆಯುವಾಗ ಕೈ ಹಿಡಿತಕ್ಕೆ ಸಿಗಲಿಲ್ಲ. ಜ್ವರ ಮೈಯನ್ನು ಹಾಗೆ ಮಾಡಿತ್ತು. ಅರ್ಧ ತಲೆ ಆಗುವಷ್ಟರಲ್ಲಿ ಉಸಿರು ಕಟ್ಟಿ ಬಂತು. ನರ್ಸಮ್ಮ ಬೆರಳು ನೋಡಿ, ಕೂಡಲು ಹೇಳಿದರು. ಅರ್ಧ ಬೋಳಾದ ತಲೆಯಲ್ಲೇ ಸಾವುಕಾರರು ನನ್ನ ಕಡೆ ತಿರುಗಿ, “ಅವಸರ ಇಲ್ಲ, ಕುಂಡ್ರು,” ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಆಗ ಅವರು ಮಾತಾಡತೊಡಗಿದರು. “ಸಣ್ಣಾವ ಇದ್ದಾಗ ಕಟಿಂಗಿಗೆ ಕುಂತ್ರ ನಾ ಭಾಳ ಅಳತಿದ್ದೆ. ಅವ್ವ ಬಾಜೂಕ ಕುಂತು ಬಾಯಾಗ ಬೆಲ್ಲ ಇಡತಿದ್ದಳು. ಬೆಲ್ಲ ಕರಗೂದರಾಗ ಕಟಿಂಗ್ ಮುಗೀಬೇಕು, ಹಂಗ ಅಂತ ನಿಮ್ಮವರಿಗೆ ಹೇಳತಿದ್ದಳು.” ಇಷ್ಟು ಹೇಳಿ ಅಳತೊಡಗಿದರು. ನಿನ್ನೆಯಿಂದ ಅತ್ತಿರಲಿಲ್ಲ. ಅಳುವವರ ತಲೆ ಅಲುಗುತ್ತದೆ, ಬ್ಲೇಡು ಇಡಲಿಕ್ಕಾಗುವುದಿಲ್ಲ. ಅವರ ಅಳು ಮುಗಿಯುವವರೆಗೆ ಕೂತಿದ್ದು, ಆಮೇಲೆ ಎದ್ದು ಉಳಿದದ್ದನ್ನು ಪೂರೈಸಿದೆ. ಒಂದು ಗೀರೂ ಆಗಲಿಲ್ಲ.

ಸ್ನಾನ ಮಾಡಿ ಬಂದು ಅವರು ಮನೆಯಿಂದ ಬಂದಿದ್ದ ಹೊಸ ಟವೆಲೊಂದನ್ನು ನನ್ನ ಕೈಗೆ ಕೊಟ್ಟರು. ಇಂಥ ಕೆಲಸ ಮಾಡಿದವನನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ನಾನು ಕಣ್ಣಿಗೊತ್ತಿಕೊಂಡು ಇಸಿದುಕೊಂಡೆ.

ಇದನ್ನು ಕಿಟಕಿಯಿಂದ ನೋಡಿದ ಉಳಿದವರು ಸುಮ್ಮನಿರಲಿಲ್ಲ. ಎಲ್ಲರ ಗಡ್ಡವೂ ಬೆಳೆದು ತುರಿಸುತ್ತಿತ್ತು. “ನಮಗೂ ಒಂದ ಸಲ ಕೈಯಾಡಸಪಾ,” ಎಂದು ಮೊದಲು ಕೇಳಿದವರು ರೈತರೇ. ನನ್ನ ದಮ್ಮಿನ ಅಂದಾಜು ನೋಡಿ ದಿನಕ್ಕೆ ಒಬ್ಬರಿಗೋ ಇಬ್ಬರಿಗೋ ಮಾಡಲು ಡಾಕ್ಟರು ಬಿಟ್ಟರು. ಊರಿನಲ್ಲಿ ಯಾರನ್ನೂ ಮುಟ್ಟುವಂತಿರಲಿಲ್ಲ. ಇಲ್ಲಿ ಸರದಿ ಹಚ್ಚಿ ಕಾಯುತ್ತಿದ್ದರು. ದಾಡಿ ಆದ ಮೇಲೆ ರೈತರು ಮೊಬೈಲಿನಲ್ಲಿ ಮುಖ ನೋಡಿಕೊಂಡು, “ಈಗ ಮನಿಗೆ ಹೋದ್ರ ನಾಯಿ ಬೊಗಳೂದಿಲ್ಲ,” ಎಂದರು. ಸಾವುಕಾರರು ಆ ದಿನ ಮೊದಲ ಸಲ ನಕ್ಕರು. ಕೆಲಸ ಮಾಡುತ್ತಾ ನನಗೂ ಊಟ ಸೇರತೊಡಗಿತು, ನಿದ್ದೆ ಬಂತು.

ನಾವು ಮೂವರೂ ಒಬ್ಬರ ಹಿಂದೊಬ್ಬರು ಗುಣವಾಗಿ ಮನೆಗೆ ಹೋದೆವು. ಪರಿಹಾರದ ಅರ್ಜಿ ಮೊದಲ ಸಲ ತಿರಸ್ಕಾರವಾಗಿತ್ತು. ಆಧಾರಿನಲ್ಲಿ ನನ್ನ ಹೆಸರು ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ. ಹೆಂಡತಿಯೇ ಬ್ಯಾಂಕಿಗೆ ಎರಡು ಸಲ ಹೋಗಿ ಸರಿಮಾಡಿಸಿ ಮತ್ತೆ ಹಾಕಿದಳು. ಕಳಸಾಪುರದಲ್ಲಿ ಮನೆ ಮನೆಗೆ ಹೋಗಿ ಕ್ಷೌರ ಮಾಡುವ ನನ್ನ ಸೋದರಮಾವನಿಗೆ ಅಂಗಡಿಯೇ ಇಲ್ಲ. ಆದರೂ ಪಂಚಾಯತಿಯವರು ಇವನು ಕ್ಷೌರಿಕನೇ ಎಂದು ಬರೆದುಕೊಟ್ಟರು, ಅವನಿಗೆ ನನಗಿಂತ ಮೊದಲೇ ಬಂತು. ನನ್ನದು ಬಂದಾಗ ಹೆಂಡತಿ ಗ್ಯಾಸು ತುಂಬಿಸಿ, ಅಂಗಡಿಯ ಕರೆಂಟ್ ಬಿಲ್ಲು ಕಟ್ಟಿ, ಉಳಿದದ್ದರಲ್ಲಿ ಜೋಳ ತಂದಳು. ಅದರಿಂದ ಮನೆ ನಡೆಯಿತು ಎಂದರೆ ಸುಳ್ಳಾದೀತು. ಒಂದು ತಿಂಗಳು ಉಸಿರು ಬಿಡಲು ಆಯಿತು.

ಓಡಾಟಕ್ಕೆ ಬಿಟ್ಟ ಮೇಲೆ ಸಾವುಕಾರರು ಫೋನು ಮಾಡಿದರು. ತಾಯಿಯ ಅಸ್ಥಿಯನ್ನು ಹೊಳೆಗೆ ಬಿಡುವುದು ಉಳಿದಿತ್ತು. “ನಮ್ಮ ತಮ್ಮನೂ ಇನ್ನೂ ಕೂದಲಾ ತಗಸಿಲ್ಲ. ಅಣ್ಣ ಬರ್ಲಿ ಅಂತ ಕುಂತಾನ. ನೀನ ಬಾ,” ಎಂದರು. ಅವರ ಗಾಡಿಯಲ್ಲಿ ಶಿರಹಟ್ಟಿ, ಮುಂಡರಗಿ ಹಾದು ಕೊರ್ಲಹಳ್ಳಿಗೆ ಹೋದೆವು. ತುಂಗಭದ್ರೆಗೆ ಹೊಸ ನೀರು ಬಂದು ಕೆಂಪಗೆ ಹರಿಯುತ್ತಿತ್ತು. ದಂಡೆಯಲ್ಲಿ ಕೂತು ತಮ್ಮನ ತಲೆ ಬೋಳಿಸಿದೆ. ಅವನು ಕಣ್ಣು ಮುಚ್ಚಿಕೊಂಡೇ ಅಣ್ಣನಿಗೆ ಹೇಳಿದ:

“ನಾ ಬಾಗಲದಾಗ ಇದ್ದೆ, ಅಣ್ಣಾ. ಒಳಗ ಬಿಡಲಿಲ್ಲ. ಕಡೀಕ ಆಕಿ ಏನರ ಅಂದಳೋ ಏನೋ, ಗೊತ್ತಿಲ್ಲ.”

“ನೀ ಬಾಗಲದಾಗರ ಇದ್ದಿ,” ಎಂದರು ಸಾವುಕಾರರು. ಆಮೇಲೆ ಇಬ್ಬರೂ ಮೊಣಕಾಲಿನವರೆಗೆ ನೀರಿಗೆ ಇಳಿದು ಅಸ್ಥಿ ಬಿಟ್ಟರು. ನಾನು ಸಾಮಾನು ತೊಳೆದು ಚೀಲಕ್ಕೆ ಹಾಕಿಕೊಂಡು ದಂಡೆಯಲ್ಲಿ ಕಾದೆ.

ಅಂಗಡಿ ತೆರೆದಾಗ, ಕೊರೋನಾ ಆಗಿ ಬಂದವನು ಎಂದು ಕೆಲವರು ಕೆಲವು ದಿನ ಬರಲಿಲ್ಲ. ನಾಗರಪಂಚಮಿಯ ಹೊತ್ತಿಗೆ ಬಂದರು. ಸಾವುಕಾರರು ಈಗಲೂ ಕ್ಷೌರಕ್ಕೆ ಹಳೆಯವನನ್ನೇ ಮನೆಗೆ ಕರೆಸುತ್ತಾರೆ, ಅವನ ಗಿರಾಕಿಯನ್ನು ಬಿಡಿಸಬೇಕೆಂದು ನನಗೂ ಅನ್ನಿಸಿಲ್ಲ. ತಾಯಿಯ ವರ್ಷದ ಕಾರ್ಯಕ್ಕೆ ಮಾತ್ರ ಅವರೇ ಅಂಗಡಿಗೆ ಬಂದು ಊಟಕ್ಕೆ ಹೇಳಿ ಹೋದರು. ಹೆಂಡತಿ ಮಗಳನ್ನು ಕರೆದುಕೊಂಡು ಹೋದೆ. ಸೊರಟೂರಿನ ರೈತರೂ ಬಸ್ಸು ಹತ್ತಿ ಬಂದಿದ್ದರು. ಸಾವುಕಾರರು, ರೈತರು, ನಾನು ಮೂವರೂ ಒಂದೇ ಸಾಲಿನಲ್ಲಿ ಕೂತು ಉಂಡೆವು.