ಎವರಿಸ್ತೊ ಹಾಕಿದ ಬೆಸುಗೆ

"ಆವತ್ತು ಸಂಜೆಯೊಳಗೆ ಮೂರು ಸೈಕಲ್ ಚೌಕಟ್ಟು ಬೇಕು ಅಂದಿದ್ರು. ಮುಂದಿನ ಕೊಳವೆ ಕೂರೋ ಜಾಗಕ್ಕೆ ಬೆಂಕಿ ಹಿಡಿದೆ. ಬೆಸುಗೆ ಹಿತ್ತಾಳೆ ಕರಗ್ತು, ಸಂದಿ ಒಳಗೆ ಹರೀಲಿಲ್ಲ. ಅಂಚಲ್ಲಿ ಮಾತ್ರ ಹೊಳೀತಿತ್ತು ಕಣೇ, ನಂಗೆ ನೋಡಿದ ಕೂಡ್ಲೆ ಗೊತ್ತಾಯ್ತು. ಇನ್ನೊಂದ್ಸಲ ಕಾಯಿಸಿದ್ರೆ ಉಕ್ಕು ಸುಟ್ಟೋಗುತ್ತೆ, ಬಿಸಾಕಿದ್ರೆ ಪಕ್ಕದ ಬೆಂಚಿನವರು ನಗ್ತಾರೆ. ಅರದಲ್ಲಿ ಉಜ್ಜಿ ನಯ ಮಾಡಿ ಬಣ್ಣದವರಿಗೆ ಕೊಟ್ಬಿಟ್ಟೆ. ಮುರಿಯಲ್ಲ ಅಂದ್ಕೊಂಡೆ. ಇಳಿಜಾರಲ್ಲಿ ನಡುಗುತ್ತೆ ಅಂತ ಗೊತ್ತಿತ್ತು. ಒಂದಿನ ಅದನ್ನ ಓಡಿಸ್ತಿದ್ದ ಅರ್ಮಿದೊ ಬಂದು, 'ಎವರಿಸ್ತೊ, ನಿನ್ನ ಸೈಕಲ್ಲು ಚೆನ್ನಾಗಿದೆಯಪ್ಪ, ನನ್ನ ಗುಂಡಿಗೇನೇ ಸರಿಯಿಲ್ಲ' ಅಂದ. ನಾನೇನಂದೆ ಗೊತ್ತಾ? 'ವೈನು ಕಮ್ಮಿ ಮಾಡು' ಅಂದೆ."

ಎವರಿಸ್ತೊ ಇದನ್ನು ಹೇಳಿದ್ದು ಮೂವತ್ತೇಳು ವರ್ಷ ಆದಮೇಲೆ, ನನ್ನ ಅಡುಗೆಮನೆಯಲ್ಲಿ, ಕೈಯಲ್ಲಿ ಟೋಪಿ ಹಿಂಡುತ್ತಾ.

ಬ್ರೆಂತಾ ಹೊಳೆಯ ದಡದ ಸೈಕಲ್ ಕಾರ್ಖಾನೆಯಲ್ಲಿ ಅವನು ಬೆಸುಗೆ ಹಾಕುತ್ತಿದ್ದ, ನಾನು ಗಾಲಿಗೆ ಕಡ್ಡಿ ಹೆಣೆಯುತ್ತಿದ್ದೆ. ಯುದ್ಧ ಮುಗಿದ ಮರುವರ್ಷ ಕುದುರೆಗೆ ಲಾಳ ಕಟ್ಟುವ ಒಂದು ಕೊಟ್ಟಿಗೆಯಲ್ಲಿ ಶುರುವಾದ ಕಾರ್ಖಾನೆ ಅದು. ನಮ್ಮ ಪಂದ್ಯದ ಸವಾರ ಅರ್ಮಿದೊ ಆ ಸೈಕಲ್ಲಿನಲ್ಲಿ ಬೆಟ್ಟದ ತುದಿಯನ್ನು ಮೊದಲಿಗನಾಗಿ ಮುಟ್ಟಿದ ಮೇಲೆ ನಮ್ಮ ಹೆಸರು ಬೆಲ್ಜಿಯಂವರೆಗೆ ಹೋಯಿತು. ವರ್ಷದ ಕೊನೆಗೆ ಆ ಸೈಕಲ್ಲು ಕಚೇರಿಯ ಗೋಡೆ ಏರಿತು. ಆದರೆ ಅವನು ಗೆದ್ದ ಆ ಪಂದ್ಯ ಮುಗಿದದ್ದು ಏರಿನಲ್ಲಿ. ಅದೇ ವರ್ಷದ ಬೇರೆ ಪಂದ್ಯಗಳಲ್ಲಿ, ಇಳಿಜಾರು ಬಂದ ಕಡೆಯೆಲ್ಲ ಅರ್ಮಿದೊ ಹಿಂದೆ ಬಿದ್ದ. ಹೋಟೆಲಿನವರು ಅವನಿಗೆ 'ಬ್ರೇಕು' ಎಂದು ಹೆಸರಿಟ್ಟರು. ನಾನೂ ನಕ್ಕಿದ್ದೇನೆ. ಮರುವರ್ಷ ಬೇರೆ ಸೈಕಲ್ಲು ಕೊಟ್ಟರೂ ಅವನ ಕೈ ಬ್ರೇಕು ಬಿಡಲಿಲ್ಲ. ಹೆದರಿಕೆ ಆಗಲೇ ಒಳಗೆ ಕೂತಿತ್ತು. ಪಂದ್ಯ ಬಿಟ್ಟು ಮಾವನ ದ್ರಾಕ್ಷಿತೋಟ ಸೇರಿದ. ಎಷ್ಟೋ ವರ್ಷಗಳ ಮೇಲೆ ಅದೇ ಹೆಸರಲ್ಲೇ ತೀರಿಕೊಂಡ. ಹೆಣ ಹೊತ್ತವರಲ್ಲಿ ಎವರಿಸ್ತೊನೂ ಇದ್ದ.

ಕಾರ್ಖಾನೆಗೆ ಐವತ್ತು ತುಂಬಿದ ವರ್ಷ, ಅದರ ಸಂಭ್ರಮಕ್ಕೆಂದು ಅರ್ಮಿದೊನ ಮೊಮ್ಮಗಳು ಡೊನಾತೆಲ್ಲಾ ಅದೇ ಸೈಕಲ್ಲಿನಲ್ಲಿ ಭಾನುವಾರ ಗ್ರಾಪ್ಪಾ ಬೆಟ್ಟ ಇಳಿಯುವುದೆಂದು ಗೊತ್ತಾಯಿತು. ಎವರಿಸ್ತೊ ನನ್ನ ಮನೆಗೆ ಬಂದದ್ದು ಗುರುವಾರ.

"ನನ್ಹತ್ರ ಹೇಳಿದ್ರೆ ಏನು ಬಂತು? ನಡಿ," ಎಂದು ಎಬ್ಬಿಸಿಕೊಂಡು ಹೊರಟೆ.

ಕಚೇರಿಯಲ್ಲಿ ಮಾಲೀಕನೂ ಇದ್ದ, ಹುಡುಗಿಯೂ ಸೀಟು ಅಳತೆ ಮಾಡಿಸಲು ಬಂದಿದ್ದಳು. ಎವರಿಸ್ತೊ ನೆಲ ನೋಡುತ್ತಲೇ ಹೇಳಿ ಮುಗಿಸಿದ.

ಮಾಲೀಕ ಮೆಲ್ಲಗೆ, "ಅಜ್ಜ, ಇನ್ನೊಂದು ಚೌಕಟ್ಟಿಗೆ ಇದೇ ಬಣ್ಣ ಹೊಡೆಸಿದ್ರಾಯ್ತು. ಯಾರಿಗ್ಗೊತ್ತಾಗುತ್ತೆ?" ಎಂದ.

"ನೀವೂ ಅರದಲ್ಲಿ ಉಜ್ತೀರಾ?" ಎಂದಳು ಡೊನಾತೆಲ್ಲಾ. ಆಮೇಲೆ ಗರಗಸ ತಂದು ಎವರಿಸ್ತೊನ ಮುಂದಿಟ್ಟಳು. "ಕೊಯ್ಯಿ. ನಾನು ನೋಡ್ಬೇಕು."

ತನ್ನ ಕೈಕೆಲಸವನ್ನು ತಾನೇ ಕೊಯ್ದ. ಒಳಗೆ ಹಿತ್ತಾಳೆ ಉಗುರಿನಷ್ಟು ಇತ್ತು; ಉಳಿದದ್ದು ತುಕ್ಕು. ಡೊನಾತೆಲ್ಲಾ ಬೆರಳಾಡಿಸಿ ನೋಡಿದಳು.

"ಮನೇಲಿ ನಾವೂ ತಾತನ್ನ ಬ್ರೇಕು ಅಂತ್ಲೇ ಕರೀತಿದ್ವಿ. ಅವನೂ ನಗ್ತಿದ್ದ," ಎಂದಳು. "ಅಜ್ಜಿ ಇದ್ದಾಳೆ. ಅವಳಿಗೆ ಹೇಳು."

ಅರ್ಮಿದೊನ ಹೆಂಡತಿ ಇನೆಸ್ ಅಂಗಳದ ನಲ್ಲಿಯ ಹತ್ತಿರ ಮೆಕ್ಕೆಜೋಳದ ಹಿಟ್ಟು ಬೇಯಿಸಿ ಪೊಲೆಂತಾ ಮಾಡಿದ ತಾಮ್ರದ ಬಾಣಲೆ ಇಟ್ಟುಕೊಂಡು ಕೂತಿದ್ದಳು. ಸುತ್ತಲಿನ ಮನೆಗಳ ಕಿಟಕಿಗಳು ತೆರೆದಿದ್ದವು. ಎವರಿಸ್ತೊ ಪಿಸುದನಿಯಲ್ಲಿ ಶುರುಮಾಡಿದ.

"ಗಟ್ಟಿಯಾಗಿ ಹೇಳೋ," ಎಂದಳು ಇನೆಸ್. "ಅವನನ್ನ ಪುಕ್ಕಲ ಅಂದೋರು ಗಟ್ಟಿಯಾಗೇ ಅಂದಿದ್ರು."

ಅವನು ಗಟ್ಟಿಯಾಗಿ ಹೇಳಿದ. ಎದುರಿನ ಮನೆಯಾಕೆ ಬಟ್ಟೆ ಹರವುತ್ತಿದ್ದವಳು ನಿಂತಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ನಾನೂ ನಕ್ಕಿದ್ದೆ, ಇನೆಸ್," ಎಂದೆ.

"ಗೊತ್ತು. ನಿನ್ನ ನಗು ಗೋಡೆ ದಾಟಿ ಕೇಳಿಸ್ತಿತ್ತು." ನಮ್ಮ ಕಡೆ ನೋಡಲಿಲ್ಲ. "ಇಳಿಯೋವಾಗ ಸೈಕಲ್ಲು ನಡುಗುತ್ತೆ ಅಂತ ಒಂದೇ ಒಂದ್ಸಲ ನನ್ಹತ್ರ ಅಂದಿದ್ದ. ನಡುಗೋದು ಸೈಕಲ್ಲಲ್ಲ, ನೀನು ಅಂದೆ ನಾನು."

ಎವರಿಸ್ತೊ ಟೋಪಿ ಹಿಡಿದು ನಿಂತೇ ಇದ್ದ. ಹೋಗು ಎಂದೂ ಅನ್ನಲಿಲ್ಲ ಅವಳು, ಕೂರು ಎಂದೂ ಅನ್ನಲಿಲ್ಲ. ನಲ್ಲಿ ತಿರುಗಿಸಿ ಬಾಣಲೆಗೆ ನೀರು ಬಿಟ್ಟಳು; ತಳಕ್ಕೆ ಹತ್ತಿದ ಸೀಕನ್ನು ಮರದ ಸೌಟಿನಿಂದ ಸುತ್ತಲೂ ಕೆರೆಯತೊಡಗಿದಳು.