ಅಪ್ಪನ ಸೈಕಲ್ ವಿಷಯ

ಜ್ಞಾನೇಶ್ ಕಳೆದ ಮಂಗಳವಾರ ಬೆಳಗಿನ ಜಾವ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡ. ಹೃದಯಾಘಾತ. ಮೂವತ್ತೆಂಟು ವರ್ಷ.

ಭದ್ರಾವತಿಯವನು. ಶಿವಮೊಗ್ಗದ ಆಲ್ಕೊಳದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟ ಪಂಪು ಅವನ ಕೈಗೆ ಬಂದರೆ ಮತ್ತೆ ತಿರುಗುತ್ತಿತ್ತು. ಬಾಯಿಗೆ ಬಂದ ಮಾತು ಮಾತ್ರ ದಡ ಸೇರುತ್ತಿರಲಿಲ್ಲ. ಹೇಳುತ್ತ ಹೇಳುತ್ತ ಬೇರೆಡೆ ಹಾರುತ್ತಿದ್ದ, ಬೇರೆಯವರ ಮಾತಿನ ನಡುವೆ ನುಗ್ಗುತ್ತಿದ್ದ, ಕೊನೆಗೆ 'ನಾನೇನ್ ಹೇಳ್ತಿದ್ದೆ?' ಎಂದು ನನ್ನ ಮುಖ ನೋಡುತ್ತಿದ್ದ. ಹೈಸ್ಕೂಲಿನಿಂದಲೂ ಅವನ ವಾಕ್ಯಗಳನ್ನು ಮುಗಿಸಿಕೊಡುವ ಕೆಲಸ ನನ್ನದು. ಅದನ್ನು ಸ್ನೇಹ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಅವನ ಅಪ್ಪ ಶಿವಯೋಗಪ್ಪನವರು ಹೋದರು. ಶಿವಗಣಾರಾಧನೆಯ ದಿನ ಊಟಕ್ಕೆ ಮುಂಚೆ ಹತ್ತಿರದವರು ಮೈಕಿನಲ್ಲಿ ನಾಲ್ಕು ಮಾತಾಡುವುದು ನಮ್ಮಲ್ಲಿ ರೂಢಿ. ಜ್ಞಾನೇಶ್ ವಾರದಿಂದ ಹೇಳುತ್ತಿದ್ದ: 'ಅಪ್ಪನ ಸೈಕಲ್ ವಿಷಯ ಒಂದಿದೆ ಕಣೋ. ಅದೊಂದನ್ನ ಪೂರ್ತಿ ಹೇಳ್ಬೇಕು.'

ಎದ್ದು ನಿಂತ. 'ಅಪ್ಪಂದೊಂದು ಸೈಕಲ್ ಇತ್ತು. ಡ್ಯೂಟಿ ಮುಗ್ಸಿ ಬರ್ತಾ... ಈ ಮೈಕ್ ಯಾಕೆ ಗುಂಯ್ ಅಂತಿದೆ, ಅರ್ಥಿಂಗ್ ಕೊಟ್ಟಿಲ್ವಾ? ಹಾಂ, ಸೈಕಲ್. ಪುಷ್ಪತ್ತೆ, ನೀವ್ಯಾವಾಗ ಬಂದ್ರಿ?'

ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಪರಮೇಶ್ವರಪ್ಪನವರು ಮೈಕ್ ಕಿತ್ತುಕೊಂಡರು. 'ಅಪ್ಪನ ಕಾರ್ಯಕ್ಕೂ ಕುಡ್ಕೊಂಡ್ ಬರ್ತೀಯೇನೋ?'

ಅವನು ಒಂದು ದಿನವೂ ಕುಡಿದವನಲ್ಲ. ಅದನ್ನು ಹೇಳುವ ಬದಲು ನಾನು ಮೈಕ್ ಹಿಡಿದು ಶಿವಯೋಗಪ್ಪನವರ ಬಗ್ಗೆ ಐದು ನಿಮಿಷ ಸೊಗಸಾಗಿ ಮಾತಾಡಿದೆ. ಜನ ತಲೆದೂಗಿದರು.

'ಚೆನ್ನಾಗ್ ಮಾತಾಡ್ದೆ ಮಾರಾಯ,' ಎಂದ ಜ್ಞಾನೇಶ್, ಊಟವಾಗಿ ಕೈ ತೊಳೆಯುವಾಗ. 'ಸೈಕಲ್ ಮಾತ್ರ ಬರ್ಲೇ ಇಲ್ಲ.'

ಆಮೇಲೆ ತಾನೇ ವಿದ್ಯಾನಗರದ ಡಾಕ್ಟರೊಬ್ಬರ ಹತ್ತಿರ ಹೋದ. ಎಡಿಎಚ್‌ಡಿ ಎಂದರಂತೆ: ಗಮನ ಒಂದೆಡೆ ನಿಲ್ಲದ ತೊಂದರೆ, ದೊಡ್ಡವರಿಗೂ ಇರುತ್ತದೆ, ಮಾತಿನಲ್ಲೂ ಕಾಣುತ್ತದೆ. ಚೀಟಿ ತೋರಿಸಿದರೆ ದೊಡ್ಡಪ್ಪ ನಕ್ಕರು. 'ಬಾಯಿ ಹಿಡ್ಕೊಳ್ಳೋಕೂ ಮಾತ್ರೆ ಬೇಕಾ ನಿಂಗೆ?'

ಅವತ್ತಿನಿಂದ ನೆಂಟರ ಎದುರು ಜ್ಞಾನೇಶ್ ಬಾಯಿ ಬಿಡಲಿಲ್ಲ. ಈಗ ಅವರೇ 'ಎಷ್ಟು ಗಂಭೀರ ಹುಡುಗ' ಎಂದು ಅಳುತ್ತಿದ್ದಾರೆ.

ಅವನು ಹೋಗುವ ಹಿಂದಿನ ದಿನ, ಸೋಮವಾರ ಸಂಜೆ, ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಿದ್ದೆ. 'ಅಪ್ಪನ ಸೈಕಲ್...' ಎಂದ. ಫ್ಯಾನಿನ ಬೇರಿಂಗ್ ಹೋಗಿದೆ ಎಂದ. ನರ್ಸಿನ ಊರು ಕೇಳಿದ. ನಾಲಿಗೆಯ ತುದಿಗೆ ಬಂದದ್ದನ್ನು ನಾನು ಮೊದಲ ಸಲ ನುಂಗಿಕೊಂಡೆ. ಅವನು ತಾನೇ ಹಿಂದಿರುಗಿ ಬಂದ.

'ಸ್ಕೂಲಿಂದ ಕರ್ಕೊಂಡ್ ಬರ್ತಾ, ಸೇತುವೆ ಮೇಲೆ ಸೈಕಲ್ ನಿಲ್ಲಿಸ್ಬಿಡೋರು. ನಾನು ಹೇಳಿ ಮುಗಿಸೋ ತನಕ ಪೆಡ್ಲು ತುಳೀತಿರ್ಲಿಲ್ಲ ಕಣೋ. ಎಷ್ಟ್ ಹೊತ್ತಾದ್ರೂ.'

ಅಷ್ಟನ್ನು ಹೇಳಿ ಮುಗಿಸಿ, ಗೋಡೆಯ ಕಡೆ ಹೊರಳಿ ಮಲಗಿದ.